ಬೋರಲಾಗಿದ್ದ ತಾಟು

ಮೊದಲೇ ಹೇಳಿಬಿಡುತ್ತೇನೆ, ಇಂಥದ್ದರಲ್ಲಿ ನನಗೆ ನಂಬಿಕೆ ಇರಲಿಲ್ಲ. ಪುಣೆಯ ಹತ್ತಿರ ದೇಹೂ ರೋಡಿನ ಒಂದು ಸರಕಾರಿ ದಾಸ್ತಾನು ಮಳಿಗೆಯಲ್ಲಿ ಕಾರಕೂನನಾಗಿ ಸೇರಿ ಅಲ್ಲಿಯೇ ತಲೆ ನರೆಸಿಕೊಂಡವನು ನಾನು. ಅಲ್ಲಿ ನನಗೆ ದಕ್ಕಿದ ವೇದಾಂತ ಒಂದೇ: ವಸ್ತು ತಾನಾಗಿ ಜರುಗುವುದಿಲ್ಲ. ಬಕೆಟ್ಟು ಇದ್ದಲ್ಲಿ ಇಲ್ಲವೆಂದರೆ ಯಾರೋ ಒಯ್ದಿದ್ದಾರೆ. ಒಯ್ದವರು ಸಹಿ ಹಾಕಿರಬೇಕು. ಹಾಕಿಲ್ಲವೆಂದರೆ ಅದು ಕಳ್ಳತನ, ದೆವ್ವದ ಕೆಲಸವಲ್ಲ. ಯಾರಾದರೂ ಭೂತಪ್ರೇತದ ಸುದ್ದಿ ತೆಗೆದರೆ, "ಸಹಿ ಯಾರದು?" ಎಂದು ಕೇಳಿ ಅವರ ಉತ್ಸಾಹ ಇಳಿಸುವುದು ನನ್ನ ಪದ್ಧತಿಯಾಗಿತ್ತು. ಮೂರು ವರ್ಷದ ಹಿಂದಿನ ಒಂದು ಮಧ್ಯಾಹ್ನದಿಂದ ಹಾಗೆ ಕೇಳುವುದನ್ನು ಬಿಟ್ಟಿದ್ದೇನೆ.

ನಾನೂ ನನ್ನ ಅಕ್ಕನೂ ಮಾರ್ಕೆಟ್ ಯಾರ್ಡಿನ ಹಿಂದೆ ಒಂದು ಹಳೆಯ ಮನೆಯ ಕೆಳಗಿನ ಅಂತಸ್ತಿನಲ್ಲಿ ಇದ್ದೆವು. ಹಿಂದುಗಡೆ ಒಂದು ಪಾರಿಜಾತ, ಒಂದು ಕರಿಬೇವು, ಎರಡು ದಾಸವಾಳ, ಒಂದು ಒಗೆಯುವ ಕಲ್ಲು. ಇಷ್ಟಕ್ಕೆ ಅಕ್ಕ 'ತೋಟ' ಎನ್ನುತ್ತಿದ್ದಳು. ನಾನು ವಾದಕ್ಕೆ ಇಳಿಯಲಿಲ್ಲ. ದಿನಾ ಬೆಳಿಗ್ಗೆ ಅಂಚು ನೆಗ್ಗಿದ ಒಂದು ಹಿತ್ತಾಳೆಯ ತಾಟಿನಲ್ಲಿ ಜೋಳದ ನುಚ್ಚು ಹಾಕಿ ಆ ಕಲ್ಲಿನ ಮೇಲೆ ಇಡುವಳು. ಗುಬ್ಬಿ, ಪಿಕಳಾರ, ಗೊರವಂಕ, ಕಾಗೆ, ಎಲ್ಲವೂ ತಮ್ಮ ತಮ್ಮ ದರ್ಜೆಗೆ ತಕ್ಕಂತೆ ಬಂದು ಉಂಡು ಹೋಗುವವು. ಆಮೇಲೆ ಅಕ್ಕ ತಾಟು ತೊಳೆದು ಅದೇ ಕಲ್ಲಿನ ಮೇಲೆ ಬೋರಲು ಹಾಕುವಳು. ಠಣ್ ಎಂದು ಸದ್ದಾಗುವುದು. ಅದಾದ ಮೇಲೆಯೇ ಅವಳ ಬಾಯಿಗೆ ಚಹಾ. ವಿಜಾಪುರದಲ್ಲಿ ನಮ್ಮ ಅಜ್ಜಿ ಹಾಕಿಕೊಟ್ಟ ನಿಯಮ ಅದು. ನಾನು ಅವಸರಪಟ್ಟು ಅವಲಕ್ಕಿಗೆ ಕೈ ಹಾಕಿದರೆ, "ಹಕ್ಕಿಗೆ ಪೆನ್ಶನ್ ಇಲ್ಲೋ ಪುಣ್ಯಾತ್ಮಾ, ನಿನಗ ಅದ. ಚೂರು ತಡಿ," ಎನ್ನುವಳು.

ಅಕ್ಕನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು, ಮಾತು ಮೂರೂ ಒಂದೇ ದಿನ ಹೋದವು. ಮಂಚವನ್ನು ಕಿಟಕಿಯ ಹತ್ತಿರ ಸರಿಸಿದೆವು. ಮಲಗಿದಲ್ಲಿಂದ ಪಾರಿಜಾತದ ತುದಿ ಕಾಣುತ್ತಿತ್ತು, ಕಲ್ಲು ಕಾಣುತ್ತಿರಲಿಲ್ಲ. ಹಕ್ಕಿಗಳಿಗೆ ನುಚ್ಚು ಹಾಕುವ ಕೆಲಸ ನನ್ನ ಮೇಲೆ ಬಂತು. ಅಕ್ಕನನ್ನು ನೋಡಿಕೊಳ್ಳಲು ಹಗಲು ಬರುತ್ತಿದ್ದ ಕಮಲಾಬಾಯಿ ತಾಟು ತೊಳೆದು ಬೋರಲು ಹಾಕುವಳು. ಆ ಠಣ್ ಕೇಳಿದ ಮೇಲೆಯೇ ಅಕ್ಕ ಗಂಜಿಗೆ ಬಾಯಿ ತೆರೆಯುವಳು. ಎಂಟು ತಿಂಗಳು ಹೀಗೆಯೇ ನಡೆಯಿತು. ಮಲಗಿದ ಮನುಷ್ಯರನ್ನು ನೋಡಿಕೊಂಡವರಿಗೆ ಎಂಟು ತಿಂಗಳೆಂದರೆ ಎಷ್ಟು ಉದ್ದವೆಂದು ನಾನು ಹೇಳಬೇಕಿಲ್ಲ.

ಅಷ್ಟರಲ್ಲಿ ಪಕ್ಕದ ಬಂಗಲೆ ಒಡೆಯತೊಡಗಿದರು. ಪುಣೆಯಲ್ಲಿ ಈಗ ಅದೇನು ಸುದ್ದಿಯಲ್ಲ. ಬೆಳಗಾದರೆ ಯಂತ್ರದ ಗಡಗಡ. ಅವರ ಅಂಗಳದ ದೊಡ್ಡ ಮಳೆಮರವೂ ಉರುಳಿತು. ಹಕ್ಕಿಗಳು ಬರುವುದನ್ನು ನಿಲ್ಲಿಸಿದವು. ನುಚ್ಚಿನ ಮೇಲೆ ಸಿಮೆಂಟಿನ ಧೂಳು ಕೂತಿತೇ ಹೊರತು ಒಂದು ಗುಬ್ಬಿ ಕೂರಲಿಲ್ಲ. ಠಣ್ ಎನ್ನದ್ದರಿಂದ ಅಕ್ಕನೂ ಗಂಜಿಗೆ ಬಾಯಿ ಮುಚ್ಚಿದಳು.

"ಕಾಕಾ, ಪಕ್ಷ್ಯಾಂಚಾ ಸಂಪ, ಆಜೀಂಚಾ ಪಣ ಸಂಪ," ಎಂದು ಕಮಲಾಬಾಯಿ ಹಕ್ಕಿಗಳ ಜೊತೆಗೆ ತಾನು 'ಆಜಿ' ಎನ್ನುತ್ತಿದ್ದ ಅಕ್ಕನ ಮುಷ್ಕರವನ್ನೂ ಘೋಷಿಸಿದಳು.

ಎರಡನೆಯ ದಿನ ನಾನು ನುಚ್ಚನ್ನು ದಾಸವಾಳದ ಬುಡಕ್ಕೆ ಸುರಿದು, ಖಾಲಿ ತಾಟನ್ನು ಒಳಗೆ ತಂದು ಅಕ್ಕನ ಮುಖದ ಮುಂದೆ ಹಿಡಿದೆ. "ನೋಡು, ಉಂಡು ಹೋದ್ವು." ಅಕ್ಕ ತಾಟು ನೋಡಿದಳು, ನನ್ನನ್ನು ನೋಡಿದಳು. ಎಂಟು ವರ್ಷದ ನಾನು ಕಾಲು ತೊಳೆಯದೆಯೇ ತೊಳೆದೆ ಎಂದಾಗ ನೋಡುತ್ತಿದ್ದ ಅದೇ ನೋಟ. ತೊಳೆಯದ ತಾಟು! ಇಷ್ಟು ವರ್ಷ ದಾಸ್ತಾನು ತಪಾಸಣೆ ಮಾಡಿದವನು ಸುಳ್ಳನ್ನೂ ನೆಟ್ಟಗೆ ಹೇಳಲಾರದೆ ಹೋದೆ.

ಅಂದು ಸಂಜೆ ಡಾಕ್ಟರು ಬಂದರು. ನಮ್ಮ ಕಡೆಯವರೇ, ಇನ್ನೂ ಹುಡುಗು ಮುಖ. "ನಾಳೆ ಸಂಜಿ ತನಕಾ ನೋಡೂಣ್ರಿ. ಉಣ್ಣಲಿಲ್ಲಂದ್ರ ಮೂಗಿನಾಗ ನಳಿಗಿ ಹಾಕಬೇಕಾಗ್ತದ. ಬ್ಯಾರೆ ದಾರಿ ಇಲ್ಲ," ಎಂದರು. ನಮ್ಮ ಅವ್ವ ಅಂಥ ನಳಿಗೆಯೊಂದಿಗೆ ಐದು ತಿಂಗಳು ಮಲಗಿದ್ದಳು, ಅವಳ ಸೇವೆ ಮಾಡಿದವಳು ಅಕ್ಕ. "ನನಗ ಮಾತ್ರ ಅದನ್ನ ಹಾಕಿಸಬ್ಯಾಡ, ಆಣಿ ಮಾಡು," ಎಂದು ಆಗಲೇ ನನ್ನಿಂದ ಆಣೆ ಪಡೆದಿದ್ದಳು.

ಮೂರನೆಯ ದಿನ ಕಮಲಾಬಾಯಿ ತನ್ನ ತಾಯಿಯನ್ನು ಬಸ್ಸಿಗೆ ಹತ್ತಿಸಲು ಸ್ವಾರಗೇಟಿಗೆ ಹೋಗಿದ್ದಳು. ಮೇಲಿನ ಅಂತಸ್ತು ಆಗಲೇ ಖಾಲಿ. ಗೇಟಿಗೆ ಒಳಗಿನಿಂದ ಬೀಗ ಹಾಕಿ ಕೀಲಿಯನ್ನು ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡಿದ್ದೆ. ಮಧ್ಯಾಹ್ನ ಊಟದ ಹೊತ್ತಿಗೆ ಪಕ್ಕದ ಯಂತ್ರ ನಿಂತಿತು. ನಾನು ಹೊಸ ನುಚ್ಚು ಇಟ್ಟು ಒಳಗೆ ಬಂದೆ. ಅಕ್ಕ ಕಣ್ಣು ಮುಚ್ಚಿದ್ದಳು, ಅವಳು ಬೀಳದಂತೆ ಮಂಚದ ಪಕ್ಕದ ಕಂಬಿ ಏರಿಸಿಯೇ ಇತ್ತು. ಅಡುಗೆಮನೆಗೆ ಹೋಗಿ ಗಂಜಿ ಕಲಸತೊಡಗಿದೆ. ಕಲಸಿದ ಮೇಲೆ ಹೋಗಿ, ನುಚ್ಚು ಚೆಲ್ಲಿ, ತಾಟು ತೊಳೆದು, ಠಣ್ ಎನಿಸಿ, ಈ ಸಲ ಶಾಸ್ತ್ರೋಕ್ತವಾಗಿ ಸುಳ್ಳು ಹೇಳುವುದೆಂದು ತೀರ್ಮಾನಿಸಿದ್ದೆ.

ಆಗ ಹಿತ್ತಿಲಲ್ಲಿ ಠಣ್ ಎಂದಿತು.

ನಾನು ಸೌಟು ಹಿಡಿದುಕೊಂಡೇ ಹೊರಗೆ ಹೋದೆ. ತಾಟು ಕಲ್ಲಿನ ಮೇಲೆ ಬೋರಲಾಗಿತ್ತು. ತೊಳೆದಿತ್ತು. ಅಂಚಿನಿಂದ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು. ಎತ್ತಿ ನೋಡಿದರೆ ಅಡಿಯಲ್ಲಿ ಒಂದು ಕಾಳು ನುಚ್ಚಿಲ್ಲ. ಗೇಟಿನ ಬೀಗ ಹಾಕಿದಂತೆಯೇ ಇತ್ತು. ಪಾರಿಜಾತದ ಮೇಲೆ ಒಂದು ಪಿಕಳಾರ ಕೊಂಬೆಗೆ ಕೊಕ್ಕು ಒರೆಸುತ್ತಿತ್ತು.

ಯಂತ್ರ ನಿಂತ ಆ ಹೊತ್ತಿನಲ್ಲಿ ಹಕ್ಕಿಗಳು ಬಂದು ಉಂಡವೆಂದು ಒಪ್ಪುತ್ತೇನೆ. ಹಕ್ಕಿಗಳು ತಾಟು ತೊಳೆದವೆಂದು ಒಪ್ಪಲಾರೆ.

ಒಳಗೆ ಬಂದೆ. ಅಕ್ಕ ಕಣ್ಣು ತೆರೆದಿದ್ದಳು. ಚಮಚ ಹತ್ತಿರ ತರುವುದರೊಳಗೆ ಬಾಯಿ ತೆರೆದಳು. ಒಂದು ಬಟ್ಟಲು ಪೂರ್ತಿ ಉಂಡಳು. ಸಂಜೆ ಡಾಕ್ಟರ ಕಡೆಯಿಂದ ನಳಿಗೆ ತಂದವನನ್ನು ಚಹಾ ಕೊಟ್ಟು ತಿರುಗಿ ಕಳಿಸಿದೆ.

ಕಮಲಾಬಾಯಿಗೆ ಹೇಳಿದಾಗ ಅವಳು ನಕ್ಕಳು. "ತುಮ್ಹೀಚ್ ಕೇಲಂ ಅಸಣಾರ, ಕಾಕಾ. ಝೋಪ ಕುಠೇ ಆಹೇ ತುಮ್ಹಾಲಾ?" ನೀವೇ ಮಾಡಿರುತ್ತೀರಿ, ನಿಮಗೆ ನಿದ್ದೆಯಾದರೂ ಎಲ್ಲಿದೆ ಎಂದು ಅವಳ ವಾದ. ಅದನ್ನು ನಾನೂ ತಳ್ಳಿಹಾಕಿಲ್ಲ. ಅಷ್ಟು ದಣಿದ ಮನುಷ್ಯ ಮಾಡಬೇಕೆಂದುಕೊಂಡದ್ದನ್ನು ಮಾಡಿಯೇ ಮರೆತಿರಬಹುದು. ಆ ಪ್ರಕರಣದಲ್ಲಿ ಮೊದಲ ಸಂಶಯಿತ ನಾನೇ. ಆದರೆ ಠಣ್ ಎಂದಾಗ ನನ್ನ ಕೈಯ ಸೌಟು ಗಂಜಿಯಲ್ಲಿತ್ತು. ಅವಳಿಗೆ ಹೇಳದೆ ಬಿಟ್ಟ ಸಂಗತಿ ಇನ್ನೊಂದಿತ್ತು.

ಅಕ್ಕ ಆಮೇಲೆ ಒಂದೂವರೆ ವರ್ಷ ಬದುಕಿದಳು. ನಳಿಗೆ ಬರಲಿಲ್ಲ. ಯಂತ್ರ ಹೋಯಿತು, ಹಕ್ಕಿಗಳು ಮೆಲ್ಲಗೆ ತಿರುಗಿ ಬಂದವು. ಅವಳು ಹೋದ ಮೇಲೂ ನುಚ್ಚು ಹಾಕುತ್ತೇನೆ. ಕೆಲವು ದಿನ ಬೇಕೆಂದೇ ತಾಟು ತೊಳೆಯದೆ ಬಿಟ್ಟು, ಒಳಗೆ ಬಂದು ಕೂತು ಕಿವಿಗೊಟ್ಟಿದ್ದೇನೆ. ಏನೂ ಆಗುವುದಿಲ್ಲ. ಕೊನೆಗೆ ನಾನೇ ಎದ್ದು ತೊಳೆಯಬೇಕು.

ಹೇಳದೆ ಬಿಟ್ಟ ಸಂಗತಿ ಇಷ್ಟು. ಅಂದು ಗಂಜಿ ಮುಗಿಸಿ ಅಕ್ಕನ ಬಾಯಿ ಒರೆಸಿ, ಹೊದಿಕೆ ಸರಿಮಾಡಲು ಹೋದಾಗ ಅವಳ ಬಲಗೈ ನನ್ನ ಕೈಗೆ ತಾಗಿತು. ಎಂಟು ತಿಂಗಳಿಂದ ಕದಲದ ಕೈ. ಮಣಿಕಟ್ಟಿನ ತನಕ ಒದ್ದೆಯಾಗಿ ತಣ್ಣಗಿತ್ತು. ನಾನು ಅಕ್ಕನ ಮುಖ ನೋಡಿದೆ. ಕೆಲಸ ಮುಗಿಸಿ ಬಂದು ಮಲಗಿದವರಂತೆ ಅವಳು ಕಣ್ಣು ಮುಚ್ಚಿಕೊಂಡಳು. ಮಂಚದ ಕಂಬಿಯ ಮೇಲಿದ್ದ ಟವೆಲು ತೆಗೆದುಕೊಂಡು ಆ ಕೈ ಒರೆಸಿದೆ. ಟವೆಲು ಒದ್ದೆಯಾಯಿತು. ಉಳಿದದ್ದು ನನಗೆ ಗೊತ್ತಿಲ್ಲ. ಟವೆಲು ಒದ್ದೆಯಾದದ್ದಕ್ಕೆ ಮಾತ್ರ, ಬೇಕಾದರೆ ಸಹಿ ಹಾಕುತ್ತೇನೆ.