ಗಡಿಯಾರದಕ್ಕ ಕೇಳುವ ಮೊದಲ ಪ್ರಶ್ನೆ

ಮಕ್ಕಳ ಆಸ್ಪತ್ರೆಯ ಓಪಿಡಿಯಲ್ಲಿ ಬಾಗಿಲ ಪಕ್ಕದ ಮೇಜು ಆಕೆಯದು. ನರ್ಸ್ ಆಗಿ ಇಪ್ಪತ್ತಾರು ವರ್ಷ. ಕೂಸಿನ ಉಸಿರನ್ನು ಪೂರ್ತಿ ಒಂದು ನಿಮಿಷ ಗಡಿಯಾರ ನೋಡಿಯೇ ಎಣಿಸುತ್ತಾಳೆ. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸುವವರನ್ನು ಕಂಡರೆ ಆಕೆಗೆ ಮೈಯೆಲ್ಲ ಉರಿ. ಹಾಗಾಗಿ ಗಡಿಯಾರದಕ್ಕ ಎಂಬ ಹೆಸರು ಬಿತ್ತು. ಎದುರಿಗೇ ಹಾಗೆ ಕರೆದರೂ ಆಕೆ ತಲೆ ಕೆಡಿಸಿಕೊಳ್ಳುವವಳಲ್ಲ.

ಆಕೆ ಮೊದಲು ಜ್ವರ ಎಷ್ಟೆಂದು ಕೇಳುವುದಿಲ್ಲ. "ಮನೆಯಿಂದ ಹೊರಡೋ ಮುಂಚೆ ಮಗುಗೆ ಏನೇನು ಮಾಡಿದ್ರಿ?" ಎನ್ನುತ್ತಾಳೆ. ಥರ್ಮಾಮೀಟರಿಗೆ ಈ ಹೊತ್ತಿನದಷ್ಟೇ ಗೊತ್ತು, ಹಿಂದಿನದು ಮನೆಯವರ ಬಾಯಿಂದಲೇ ಬರಬೇಕು ಎಂಬುದು ಆಕೆಯ ವಾದ.

ಆ ಬೆಳಿಗ್ಗೆ ಹತ್ತೊಂಬತ್ತು ದಿನದ ಹೆಣ್ಣುಕೂಸನ್ನು ಎತ್ತಿಕೊಂಡು ಬಾಣಂತಿಯೊಬ್ಬಳು ಬಂದಳು, ಜೊತೆಗೆ ಅವಳ ಅತ್ತೆ.

"ಮೈ ಸ್ವಲ್ಪ ಬಿಸಿ ಅನ್ನಿಸ್ತು," ಎಂದಳು ಬಾಣಂತಿ.

"ಏನೂ ಮಾಡಿಲ್ಲಮ್ಮ, ಹಾಗೇ ಎತ್ಕೊಂಡು ಬಂದ್ವಿ," ಎಂದರು ಅತ್ತೆ, ನರ್ಸಮ್ಮನ ಪ್ರಶ್ನೆ ಮುಗಿಯುವ ಮೊದಲೇ.

ಥರ್ಮಾಮೀಟರ್ ನೋಡಿದರೆ ಜ್ವರವಿಲ್ಲ. ಹೊಸದಾಗಿ ಬಂದಿದ್ದ ಡಾಕ್ಟರ್ ಹುಡುಗಿ ಕೂಸಿನ ಎದೆ, ಹೊಟ್ಟೆ, ನೆತ್ತಿ ಎಲ್ಲ ನೋಡಿದಳು. "ಗುಂಡುಗುಂಡಾಗಿ ಚೆನ್ನಾಗೇ ಇದೆ ಸಿಸ್ಟರ್. ಜಾಸ್ತಿ ಹೊದಿಸಿರ್ಬೇಕು. ಕಳಿಸೋಣ."

ತಿಂಗಳು ತುಂಬದ ಕೂಸುಗಳು ಮಹಾ ಕಿಲಾಡಿಗಳು. ರಕ್ತದಲ್ಲಿ ಸೋಂಕು ಇಟ್ಟುಕೊಂಡೂ ಏನೂ ಆಗಿಲ್ಲವೆಂಬಂತೆ ಹಾಲು ಕುಡಿಯುತ್ತವೆ. ಇಷ್ಟು ಎಳೆಯ ಕೂಸಿಗೆ ನಿಜವಾಗಿ ಜ್ವರ ಬಂದಿದ್ದರೆ ನೋಡಲು ಎಷ್ಟೇ ಚೆನ್ನಾಗಿರಲಿ, ರಕ್ತ, ಮೂತ್ರ, ಬೆನ್ನುಹುರಿಯ ನೀರು ಮೂರನ್ನೂ ಪರೀಕ್ಷಿಸಿ, ಫಲಿತಾಂಶಕ್ಕೆ ಕಾಯದೆ ಔಷಧಿ ಶುರು ಮಾಡಬೇಕು. ಬಂದಿಲ್ಲವೆಂದರೆ ಮನೆಗೆ. ಆ ಕೂಸಿನ ಜೀವ ನಿಂತಿದ್ದದ್ದು ಜ್ವರ ಬಂದಿತ್ತೋ ಇಲ್ಲವೋ ಎಂಬುದರ ಮೇಲೆ.

ಗಡಿಯಾರದಕ್ಕ ಉಸಿರೆಣಿಸಲು ಕೂಸಿನ ಬಟ್ಟೆ ಬಿಚ್ಚಿದಳು. ಗದ್ದದ ಕೆಳಗಿನ ಮಡಿಕೆಯಲ್ಲಿ ಬೆರಳಿಗೆ ಏನೋ ಅಂಟಿತು. ಮೂಸಿದಳು. ಜ್ವರದ ಸಿರಪ್ಪಿನ ಸಿಹಿ ವಾಸನೆ.

"ಅಮ್ಮಾ, ಎಷ್ಟು ಹನಿ ಕೊಟ್ರಿ? ಎಷ್ಟು ಗಂಟೆಗೆ?"

ಅತ್ತೆಯ ಮುಖ ಇಳಿದುಹೋಯಿತು. "ಡಾಕ್ಟ್ರು ಬೈತಾರೆ ಅಂತ... ಆರು ಗಂಟೆಗೆ ನೋಡಿದಾಗ ನೂರಾ ಒಂದಿತ್ತು. ಜ್ವರದ ಔಷಧಿ ನಾಲ್ಕೇ ಹನಿ. ಇವಳಿಗೂ ಹೇಳ್ಲಿಲ್ಲ."

ಸೊಸೆ ಬಾಯಿ ತೆರೆದಳು. ಗಡಿಯಾರದಕ್ಕ ಕೈಯೆತ್ತಿ ತಡೆದಳು. "ಜಗಳ ಆಮೇಲೆ ಮನೇಲಿ ಆಡ್ಕೊಳ್ಳಿ, ಪುರಸೊತ್ತಾಗಿ. ಈಗ ಹೇಳಿದ್ರಲ್ಲಮ್ಮ, ಅಷ್ಟು ಸಾಕು." ಡಾಕ್ಟರ್ ಕಡೆ ತಿರುಗಿ, "ಮನೇಲಿ ಬಂದ ಜ್ವರಾನೂ ಜ್ವರಾನೇ ಅಲ್ವಾ ಡಾಕ್ಟ್ರೇ?" ಎಂದಳು.

ಡಾಕ್ಟರ್ ಆಗಲೇ ಅಡ್ಮಿಷನ್ ಚೀಟಿ ಬರೆಯುತ್ತಿದ್ದಳು.

ಮಧ್ಯಾಹ್ನವೇ ಮೂತ್ರದಲ್ಲಿ ಸೋಂಕು ಕಂಡಿತು. ಮರುದಿನ ರಕ್ತದಲ್ಲೂ ಬ್ಯಾಕ್ಟೀರಿಯಾ ಬೆಳೆದಿದೆಯೆಂದು ಲ್ಯಾಬಿನಿಂದ ಫೋನ್ ಬಂತು. ಅಷ್ಟರಲ್ಲಿ ಔಷಧಿ ಶುರುವಾಗಿ ಒಂದು ದಿನ ಕಳೆದಿತ್ತು. ಆ ಫೋನ್ ಇಟ್ಟಮೇಲೆ ಗಡಿಯಾರದಕ್ಕ ವಾರ್ಡಿಗೆ ಹೋಗಿ ಕೂಸಿನ ಉಸಿರನ್ನು ಮತ್ತೊಮ್ಮೆ ಪೂರ್ತಿ ಒಂದು ನಿಮಿಷ ಎಣಿಸಿದಳು.

ಕೂಸು ಗುಣವಾಗಿ ಮನೆಗೆ ಹೊರಟ ದಿನ ಅತ್ತೆ ಗಡಿಯಾರದಕ್ಕನ ಮೇಜಿನ ಹತ್ತಿರ ಬಂದರು. ಅಲ್ಲಿ ಇನ್ನೊಬ್ಬ ಅಜ್ಜಿ ಮೊಮ್ಮಗುವನ್ನು ತೊಡೆಯ ಮೇಲಿಟ್ಟುಕೊಂಡು, "ಏನೂ ಮಾಡಿಲ್ಲಮ್ಮ," ಎನ್ನುತ್ತಿದ್ದರು.

ಅತ್ತೆ ಬಗ್ಗಿ ಅವರ ಹೆಗಲು ಮುಟ್ಟಿದರು. "ಕೊಟ್ಟಿದ್ರೆ ಹೇಳ್ಬಿಡಿ. ನಾನೂ ಬಚ್ಚಿಟ್ಟಿದ್ದೆ. ಈ ಸಿಸ್ಟರ್ ಬೈಯೋದಿಲ್ಲ."

ಅಜ್ಜಿ ಚೀಲದೊಳಗೆ ಕೈಹಾಕಿ ಸಿರಪ್ಪಿನ ಬಾಟಲಿಯನ್ನು ಮೇಜಿನ ಮೇಲೆ ಇಟ್ಟರು.