ಸೈಡ್‌ಕಾರಿನಲ್ಲಿ ಕುಳಿತ ಲೋಡು

ನಮ್ಮ ಮನೆಯ ಚಪ್ಪಲಿ ಸ್ಟ್ಯಾಂಡಿನ ಕೆಳಗಿನ ಅರೆಯಲ್ಲಿ ಚಪ್ಪಲಿಗಳಿಲ್ಲ. ಮೋಟಾರ್‌ಸೈಕಲ್ಲಿನಿಂದ ಬಿಚ್ಚಿದ ಹಲ್ಲಿನ ಚಕ್ರಗಳು ಗ್ರೀಸು ಮೆತ್ತಿಕೊಂಡು ಹಳೆಯ ಬನಿಯನ್ನಿನಲ್ಲಿ ಸುಖವಾಗಿ ಮಲಗಿವೆ. ಈ ಮಹಾನಗರದ ಕೋಪರಖೈರಣೆಯಲ್ಲಿ ಮನುಷ್ಯರಿಗೇ ಕಾಲು ಚಾಚಲು ಜಾಗವಿಲ್ಲದಿರುವಾಗ ಇವಕ್ಕೆ ಈ ರಾಜಭೋಗ ಹೇಗೆ ದಕ್ಕಿತೆಂದು ನೀವು ಕೇಳಿದರೆ, ನಾನು ನನ್ನ ಎಡ ಮೊಣಕಾಲಿನಿಂದ ಆರಂಭಿಸಬೇಕು.

ಡೊಂಬಿವಲಿ ಸ್ಟೇಷನ್ನಿನ ಮೆಟ್ಟಿಲಲ್ಲಿ ಬಿದ್ದಂದಿನಿಂದ ಆ ಕಾಲು ಮಡಚುವುದಿಲ್ಲ. ಬೈಕಿನ ಹಿಂದೆ ಕೂರುವುದು ಮುಗಿದ ಮಾತು. ಪ್ರತಿ ಶನಿವಾರ ನಾನು ಬೇಲಾಪುರದ ಪಾರಸಿಕ್ ಗುಡ್ಡದ ಮೇಲೆ, ಪರಿಚಿತರೊಬ್ಬರ ಮನೆಯ ಪಡಸಾಲೆಯಲ್ಲಿ, ಕನ್ನಡದಲ್ಲಿ ಕೇಳಿದ್ದಕ್ಕೆ ಹಿಂದಿಯಲ್ಲಿ ಉತ್ತರಿಸುವ ಇಲ್ಲಿನ ಕನ್ನಡಿಗರ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದೆ. ನನ್ನದೆಂದು ಹೇಳಿಕೊಳ್ಳಲು ಉಳಿದಿದ್ದ ಕೆಲಸ ಅದೊಂದೇ. ವಾಪಸು ಖಾಲಿ ಬರಬೇಕೆಂದು ರಿಕ್ಷಾದವರು ಗುಡ್ಡ ಹತ್ತಲು ಒಪ್ಪದೆ, ಕ್ಲಾಸು ನಿಲ್ಲುವ ಹಂತಕ್ಕೆ ಬಂತು. ಆಗ ನಮ್ಮವರು, ಉಡುಪಿ ಕಡೆಯ ಸದಾನಂದರು, ಕಲ್ಯಾಣದ ಗ್ಯಾರೇಜಿನಿಂದ ಕಾಲು ಚಾಚಿ ಕೂರಬಹುದಾದ ಹಳೆಯ ಸೈಡ್‌ಕಾರೊಂದನ್ನು ತಂದು ತಮ್ಮ ಪ್ರಾಣಪ್ರಿಯ ಮೋಟಾರ್‌ಸೈಕಲ್ಲಿನ ಪಕ್ಕಕ್ಕೆ ಜೋಡಿಸಿದರು. ನಮ್ಮ ಕಟ್ಟಡದ ಇಡೀ ಸೊಸೈಟಿ ಅವರ ಪತ್ನೀಪ್ರೇಮವನ್ನು ಕೊಂಡಾಡಿತು. ನನಗೂ ಸಂತೋಷವಾಯಿತು, ಸುಳ್ಳೇಕೆ ಹೇಳಲಿ.

ಮೊದಲ ಶನಿವಾರ ಅರ್ಧ ಗುಡ್ಡದಲ್ಲಿ ಗಾಡಿ ಏದುಸಿರು ಬಿಟ್ಟಿತು. ನಮ್ಮವರು ನನ್ನತ್ತ ಬಾಗಿ, "ಸ್ವಲ್ಪ ಇಳಿದು ನಡಿ ಮಾರಾಯ್ತಿ, ಆ ತಿರುವಿನವರೆಗೆ ಮಾತ್ರ" ಎಂದರು. ನಡೆಯಲಾರದವಳಿಗಾಗಿ ತಂದ ವಾಹನವನ್ನು ಗುಡ್ಡ ಹತ್ತಿಸಲು ಆ ನಡೆಯಲಾರದವಳೇ ಇಳಿದು ನಡೆಯಬೇಕೆಂಬ ತರ್ಕಕ್ಕೆ ತಲೆಬಾಗಿ, ಕುಂಟುತ್ತ ತಲುಪುವಷ್ಟರಲ್ಲಿ ಮಕ್ಕಳು ಮನೆಗೆ ಹೊರಟಿದ್ದರು.

ಮರುದಿನ ಸೊಸೈಟಿಯ ಪಾರ್ಕಿಂಗಿನಲ್ಲಿ ಗಂಡಸರ ಮಹಾಸಭೆ ಸೇರಿತು. ಗಾಡಿ ಯಾವುದಿರಲಿ, "ಲೀಟರಿಗೆ ಎವರೇಜ್ ಎಷ್ಟು ಕೊಡ್ತದೆ" ಎಂಬ ಪ್ರಾರ್ಥನೆಯಿಲ್ಲದೆ ಆ ಸಭೆ ಆರಂಭವಾಗದು. ಎರಡನೇ ಮಹಡಿಯ ಧಾರವಾಡದ ಕುಲಕರ್ಣಿಯವರು ಬಗ್ಗಿ ನೋಡಿ ತೀರ್ಪಿತ್ತರು: "ಲೋಡ್ ಭಾಳ ಆಗೇದರಿ. ಎಂಜಿನ್ ಕಡೆ ಹಲ್ಲಿನ ಗಾಲಿ ಸಣ್ಣದದ. ದೊಡ್ಡದು ಹಾಕ್ರಿ, ಶಕ್ತಿ ಬರ್ತದ."

ಲೋಡೆಂದರೆ ನಾನು. ಮೇಲೆ ಬಟ್ಟೆ ಒಣಹಾಕುತ್ತ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ ಲೋಡಿನ ಅಭಿಪ್ರಾಯ ಯಾರಿಗೂ ಬೇಕಾಗಲಿಲ್ಲ. ದೊಡ್ಡ ಟಿವಿ, ದೊಡ್ಡ ಹುದ್ದೆ, ಖಾರಘರದಲ್ಲಿ ದೊಡ್ಡ ಫ್ಲ್ಯಾಟು, ಹೀಗೆ ದೊಡ್ಡದೆಲ್ಲ ಬಲವಾದದ್ದೆಂದು ನಂಬಿದ ಜನ ನಾವು. ದೊಡ್ಡ ಚಕ್ರವೇ ಬಂತು. ಮುಂದಿನ ಶನಿವಾರ ಗಾಡಿ ಗುಡ್ಡದ ಬುಡದಲ್ಲೇ ಮುಷ್ಕರ ಹೂಡಿತು, ನಾನು ಮೊದಲಿಗಿಂತ ಹೆಚ್ಚು ನಡೆದೆ. ಕ್ಲಾಸು ನಡೆಯುವ ಮನೆಯೊಡತಿ ನೀರು ಕೊಟ್ಟು, "ಸುಮ್ನೆ ಯಾಕೆ ಕಷ್ಟಪಡ್ತೀರಿ, ಇನ್ನೊಂದು ವಾರ ನೋಡಿ ನಿಲ್ಲಿಸಿಬಿಡೋಣ" ಎಂದರು.

ಆ ಸಂಜೆ ನಾನು ನಮ್ಮವರನ್ನು ಹೊಲಿಗೆ ಯಂತ್ರದ ಮುಂದೆ ಕೂರಿಸಿ, ಅವರದೇ ಜೀನ್ಸನ್ನು ನಾಲ್ಕು ಮಡಿಕೆ ಮಾಡಿ ಸೂಜಿಯ ಕೆಳಗಿಟ್ಟು ತುಳಿಯಲು ಹೇಳಿದೆ. ಸೂಜಿ ಸಿಕ್ಕಿಕೊಂಡಿತು.

"ನೋಡಿ, ತುಳಿಯೋ ಕಡೆ ದೊಡ್ಡ ಗಾಲಿ, ಮೇಲೆ ಸಣ್ಣದು. ಓಟ ಜಾಸ್ತಿ, ಬಲ ಕಮ್ಮಿ. ನೀವು ಎಂಜಿನ್ನಿಗೂ ಅದನ್ನೇ ಮಾಡಿದೀರಿ. ಮೊದಲಿದ್ದದ್ದಕ್ಕಿಂತಲೂ ಸಣ್ಣದು ಹಾಕ್ಸಿ, ಎಳೆಯುತ್ತೆ."

"ಅದು ನನಗೆ ಗೊತ್ತುಂಟು" ಎಂದರು ಅವರು, ಜೀನ್ಸನ್ನೇ ನೋಡುತ್ತ. "ಸಣ್ಣದು ಹಾಕಿದ್ರೆ ಸ್ಪೀಡ್ ಹೋಗ್ತದಲ್ಲ. ಸಾನಪಾಡಾ ಹತ್ರ ಹೈವೇಯಲ್ಲಿ ಟೆಂಪೋದವರೂ ಹಿಂದೆ ಹಾಕಿ ಹೋಗ್ತಾರೆ."

ಗೊತ್ತಿತ್ತು! ಅಜ್ಞಾನವೆಂದು ನಾನು ಕ್ಷಮಿಸಿದ್ದು ಅಜ್ಞಾನವಾಗಿರಲಿಲ್ಲ. ಟೆಂಪೋದವನ ಮುಂದೆ ಮಾನ ಉಳಿಸಿಕೊಳ್ಳಲು ಅವರು ನನ್ನನ್ನು ಗುಡ್ಡ ಹತ್ತಿಸಿ ನಡೆಸಿದ್ದರು. ನನಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚಾಗಿ ನೋವಾಯಿತು.

"ಟೆಂಪೋದವನನ್ನ ಹಿಂದೆ ಹಾಕಬೇಕಾದ್ರೆ ಸೈಡ್‌ಕಾರು ಬಿಚ್ಚಿಬಿಡಿ, ನಾನು ಮನೇಲೇ ಇರ್ತೀನಿ" ಎಂದೆ. ವಾರದ ನಡುವೆ ಗಾಡಿಗೆ ಸಣ್ಣ ಚಕ್ರ ಬಂತು, ದೊಡ್ಡದು ಚಪ್ಪಲಿ ಸ್ಟ್ಯಾಂಡಿನಲ್ಲಿ ಮೊದಲಿನದರ ಪಕ್ಕ ಬಂದು ಮಲಗಿತು.

ಶನಿವಾರ ಗಾಡಿ ಗುಡ್ಡ ಹತ್ತಿತು. ಟೆಂಪೋ ನಮ್ಮನ್ನು ದಾಟಿತು, ಗ್ಯಾಸ್ ಸಿಲಿಂಡರಿನ ಲಾರಿ ದಾಟಿತು. ಬೆಳಗಿನ ನಡಿಗೆಗೆ ಬಂದಿದ್ದ ದಂಪತಿ ಮಾತ್ರ ಸೌಜನ್ಯದಿಂದ ಹಿಂದುಳಿದರು. ಗುರುತು ಸಿಗದಿರಲೆಂದು ನಮ್ಮವರು ಹೆಲ್ಮೆಟ್ಟಿನ ಗಾಜು ಇಳಿಸಿಕೊಂಡರು. ನಾನು ಎಲ್ಲೂ ಇಳಿಯಲಿಲ್ಲ, ಮಕ್ಕಳಿಗಿಂತ ಮೊದಲೇ ಹೋಗಿ ಕುಳಿತೆ, ಕ್ಲಾಸು ಉಳಿಯಿತು.

ನಮ್ಮವರ ವೇಗಕ್ಕೆ ಹೊಂದಿಕೊಂಡು ನಾನು ಇಷ್ಟು ವರ್ಷ ಬಾಳಿದ್ದನ್ನು ಸಂಸಾರವೆಂದಷ್ಟೇ ಕರೆದ ಕುಲಕರ್ಣಿಯವರು, ನನ್ನ ವೇಗಕ್ಕೆ ನಮ್ಮವರು ಒಂದು ಗುಡ್ಡ ಹತ್ತಿದ್ದನ್ನು ಇವತ್ತಿಗೂ ತ್ಯಾಗವೆನ್ನುತ್ತಾರೆ.