ವ್ಯಾಕ್ಸ್ ಹಚ್ಚುವ ಮೊದಲು

ಮೊದಲು ಟಿಂಗ್‌ ಟಾಂಗ್‌ ಎಂಬ ಸದ್ದು. ಅದರ ಬೆನ್ನಿಗೆ ಅದೇ ಹೆಂಗಸಿನ ದನಿ, ಗುಜರಾತಿಯಲ್ಲೊಮ್ಮೆ, ಹಿಂದಿಯಲ್ಲೊಮ್ಮೆ, ಇಂಗ್ಲಿಷಿನಲ್ಲೊಮ್ಮೆ. ಅಹಮದಾಬಾದಿನ ಮಣಿನಗರ ರೈಲ್ವೆ ಸ್ಟೇಶನ್ನಿನ ಈ ಕೂಗು ಸುಲೋಚನಾ ಅವರ ಅಡುಗೆಮನೆಯ ಕಿಟಕಿಯವರೆಗೆ ಬರುತ್ತದೆ. ಮನೆಯ ಉಳಿದವರಿಗೆ ಅದು ಕೇಳಿಸುವುದೇ ನಿಂತುಹೋಗಿದೆ. ಸುಲೋಚನಾ ಅವರಿಗೆ ಮಾತ್ರ ಪ್ರತಿ ಸಲವೂ ಯಾರೋ ಹೊರಟುಬಿಟ್ಟರು, ತಾನು ಇಲ್ಲೇ ಉಳಿದೆ ಎಂದು ಒಳಗೆಲ್ಲೋ ಎಳೆದಂತಾಗುತ್ತದೆ. ಆಮೇಲೆ ಕೂತಲ್ಲಿ ಕೂರಲಾಗುವುದಿಲ್ಲ. ಒಲೆಯ ಉರಿ ಸಣ್ಣದು ಮಾಡಿ, ಬಾಗಿಲ ಹಿಂದಿನ ಮೊಳೆಯಿಂದ ಕೀಲಿಕೈ ತೆಗೆದುಕೊಂಡು, ಕೆಳಗೆ ಪಾರ್ಕಿಂಗಿಗೆ ಇಳಿದುಬಿಡುತ್ತಾರೆ.

"ಎಲ್ಲಿಗೆ ಹೊಂಟಿ?" ಎಂದು ಗಂಡ ನಾರಾಯಣರಾಯರು ಪೇಪರಿನ ಹಿಂದಿನಿಂದ ಕೇಳುತ್ತಾರೆ.

"ಎಲ್ಲಿಗೂ ಇಲ್ರೀ. ಗಾಡಿ ನೋಡಿ ಬರ್ತೀನಿ."

"ನಿನ್ನೆ ಇದ್ದಲ್ಲೇ ಇರ್ತದ. ಅದಕ್ಕೇನು ಕಾಲ ಅದಾವ?"

ಕಾಲಿರುವುದು ಗಾಡಿಯ ಒಡತಿಗೆ ಎಂಬುದು ಅವರಿಗೆ ಗೊತ್ತಿಲ್ಲದ ಸಂಗತಿಯಲ್ಲ. ಗದಗಿನ ಹುಡುಗಿ ಸುಲೋಚನಾ ಮದುವೆಯಾಗಿ ಬಂದದ್ದು ಸೂರತ್ತಿಗೆ. ನಾರಾಯಣರಾಯರಿಗೆ ವಿಮಾ ಕಂಪನಿಯಲ್ಲಿ ಕೆಲಸ, ಮನೆ ಸಚಿನ್ ಕೈಗಾರಿಕಾ ಪ್ರದೇಶದ ಕಡೆಗೆ ಹೋಗುವ ರಸ್ತೆಯಲ್ಲಿ. ಒಣಹಾಕಿದ ಸೀರೆ ತೆಗೆಯುವಷ್ಟರಲ್ಲಿ ಕಾರ್ಖಾನೆಗಳ ಮಸಿ ಅದರ ಮೇಲೆ ಕೂತಿರುತ್ತಿತ್ತು. ಆ ಊರಲ್ಲಿ ನಾಲ್ಕು ಗೋಡೆಗಳ ನಡುವೆ ಹೊತ್ತು ಕಳೆಯದೆ ಚಡಪಡಿಸಿದ ವರ್ಷಗಳು ಬಹಳ. ಕಡೆಗೊಮ್ಮೆ ನಾರಾಯಣರಾಯರು ಕಡುನೀಲಿ ಬಣ್ಣದ ಕಾರು ಕೊಂಡರು, ಡ್ರೈವಿಂಗ್ ಕಲಿತರು, ಕಲಿತ ವಾರದಲ್ಲೇ ಗೇಟಿನ ಬೇವಿನ ಮರಕ್ಕೆ ಗುದ್ದಿದರು. ಇಳಿದು ಬಂದು ಕೀಲಿಕೈಯನ್ನು ಹೆಂಡತಿಯ ಅಂಗೈಯಲ್ಲಿಟ್ಟು, "ಇದು ನನ್ನ ಜಾತಕದಾಗ ಇಲ್ಲ" ಎಂದರು. ಅಂದಿನಿಂದ ಅದು ಸುಲೋಚನಾ ಅವರ ಗಾಡಿ. ಸೂರತ್ತಿನಿಂದ ವಡೋದರಾದ ಫತೇಗಂಜ್‌ಗೆ ವರ್ಗವಾದಾಗಲೂ, ಅಲ್ಲಿಂದ ಮಣಿನಗರಕ್ಕೆ ಬಂದಾಗಲೂ, ಸಾಮಾನು ಲಾರಿಯಲ್ಲಿ ಬಂತು. ಗಂಡನನ್ನೂ ಮಗಳನ್ನೂ ದೇವರ ಪೆಟ್ಟಿಗೆಯನ್ನೂ ಇದೇ ಗಾಡಿಯಲ್ಲಿ ಕೂರಿಸಿಕೊಂಡು ಅವರೇ ಬಂದರು.

ಮೂರೂ ಊರುಗಳ ಕನ್ನಡ ಮನೆಗಳಲ್ಲಿ ಈ ಗಾಡಿಗೆ ಇನ್ನೊಂದು ಹೆಸರಿದೆ, ಮದುವಣಗಿತ್ತಿ ಗಾಡಿ. ಸೂರತ್ತಿನಲ್ಲಿ ಬ್ಯಾಂಕಿನವರೊಬ್ಬರ ಮಗಳ ಮದುವೆಗೆ ಹೇಳಿದ್ದ ಬಾಡಿಗೆ ಕಾರು ಬಾರದೇ ಹೋದಾಗ, "ವೈನಿ, ನೀವ ಬರ್ರಿ" ಎಂದು ಮನೆಯ ಅತ್ತಿಗೆಯನ್ನು ಕರೆದಂತೆ ಅವರನ್ನು ಕರೆದರು. ಶುರುವಾದದ್ದು ಹಾಗೆ. ಆಮೇಲೆ ಯಾರ ಮನೆ ಹುಡುಗಿ ಮದುವೆಯಾದರೂ ಗಂಡನ ಮನೆಗೆ ಬಿಟ್ಟುಬರುವವರು ಸುಲೋಚನಾ ವೈನಿ. ಹುಡುಗಿ ಹಿಂದೆ ಕೂತು ಬಿಕ್ಕುತ್ತಿದ್ದರೆ ಇವರು ಕನ್ನಡಿಯಲ್ಲಿ ಒಮ್ಮೆ ನೋಡಿ, "ಅಳು, ಅತ್ತು ಮುಗಿಸು. ಮೂಗು ಒರಸ್ಕೊಳ್ಳಿಕ್ಕೆ ಟಿಶ್ಯೂ ಡಬ್ಬಿ ಪಕ್ಕದಾಗ ಅದ" ಎನ್ನುತ್ತಿದ್ದರು. ಹುಡುಗಿ ನಕ್ಕುಬಿಡುತ್ತಿದ್ದಳು.

ಮರುದಿನದ ಕೆಲಸ ಯಾರಿಗೂ ಕಾಣುತ್ತಿರಲಿಲ್ಲ. ಹೂವಿನ ಸರ, ವಧೂವರರ ಹೆಸರಿನ ಅಕ್ಷರ ಎಲ್ಲವನ್ನೂ ಅಂಟಿಸಿದ ಟೇಪು ಕಿತ್ತರೆ ಅಂಟು ಉಳಿಯುತ್ತಿತ್ತು. ಸುಲೋಚನಾ ಅದಕ್ಕೆ ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕುತ್ತಿದ್ದರು. ತಲೆಗೆ, ಸುಟ್ಟ ಕೈಗೆ, ಕಿರ್ರೆನ್ನುವ ಬಾಗಿಲಿಗೆ ಆಗುವ ಎಣ್ಣೆ ಗಾಡಿಗೆ ಯಾಕಾಗಬಾರದು? ಅಂಟು ಬಿಡುತ್ತಿತ್ತು. ಅದರ ಮೇಲೆ ಡಬ್ಬಿಯಲ್ಲಿದ್ದ ವ್ಯಾಕ್ಸ್ ಹಚ್ಚಿ ಉಜ್ಜುತ್ತಿದ್ದರು. ಒಂದೆರಡು ದಿನ ಥಳಥಳ, ಮೂರನೆಯ ದಿನಕ್ಕೆ ಮತ್ತೆ ಮಂಕು. ಊರ ಧೂಳೇ ಹಾಗೆ ಎಂದು ಅಹಮದಾಬಾದನ್ನು ಬೈದು, ಮುಂದಿನ ಭಾನುವಾರ ಮತ್ತೆ ವ್ಯಾಕ್ಸ್.

ಈಗ ಮದುವೆ ಅವರದೇ ಮನೆಯಲ್ಲಿ. ಮಗಳು ಮಹಿಮಾ ಫತೇಗಂಜ್‌ನಲ್ಲಿ ಓದುವಾಗ ಜೊತೆಗಿದ್ದ ಮಂಥನ್ ಎಂಬವನೇ ಹುಡುಗ. ಗುಜರಾತಿ ಮನೆತನದವನು, ಮನೆ ವಡೋದರಾದಲ್ಲೇ. ಮದುವೆ ಇಲ್ಲಿ, ಮುಗಿದ ಮೇಲೆ ಹುಡುಗಿ ಅಲ್ಲಿಗೆ. ಸುಲೋಚನಾ ಅವರ ಮನಸ್ಸಿನಲ್ಲಿ ಒಂದೇ ಒಂದು ಆಸೆ ಕೂತಿತ್ತು. ಊರವರ ಹೆಣ್ಣುಮಕ್ಕಳನ್ನೆಲ್ಲ ಬಿಟ್ಟುಬಂದ ತಾನು ಸ್ವಂತ ಮಗಳನ್ನು ಇದೇ ಗಾಡಿಯಲ್ಲಿ, ತಾನೇ ಓಡಿಸಿಕೊಂಡು ಹೋಗಬೇಕು. ಎಕ್ಸ್‌ಪ್ರೆಸ್‌ವೇ ಉದ್ದಕ್ಕೂ ಅವಳು ಇನ್ನೂ ತನ್ನವಳಾಗಿಯೇ ಇರುತ್ತಾಳೆ. ಇದನ್ನು ಅವರು ಯಾರಿಗೂ ಹೇಳಿರಲಿಲ್ಲ. ಹೇಳುವುದೇನಿದೆ, ಎಲ್ಲರಿಗೂ ಗೊತ್ತಿದ್ದದ್ದೇ ಎಂದುಕೊಂಡಿದ್ದರು.

ಆದರೆ ಆ ಭಾನುವಾರ ಮಂಥನ್ ಜೊತೆ ಬಂದ ಮಹಿಮಾ ಪಾರ್ಕಿಂಗಿನಲ್ಲಿ ನಿಂತು ಉಗುರು ಕಚ್ಚುತ್ತ ಹೇಳಿದಳು: "ಮಮ್ಮಿ, ಮಂಥನ್ ಫ್ರೆಂಡ್ ಹತ್ರ ವೈಟ್ ಗಾಡಿ ಇದೆ. ಬಿಗ್ ಇದೆ. ಕೊಡ್ತಾನಂತೆ."

"ನಮ್ಮ ಗಾಡಿಗೆ ಏನಾಗೇದ?"

"ಬೇಡ ಅಂತ ಹೇಳ್ತಿಲ್ಲ. ಆದ್ರೆ ನೋಡು ನೀನೇ. ಎಷ್ಟು ಡಲ್ ಇದೆ. ಫೋಟೋದಲ್ಲಿ ಚೆನ್ನಾಗಿ ಬರಲ್ಲ."

"ವ್ಯಾಕ್ಸ್ ಹಚ್ಚಿದರ ಫಳಫಳ ಅಂತದ."

"ಹಚ್ಚಿ ಹಚ್ಚಿನೇ ಹೀಗಾಗಿದೆ, ಮಮ್ಮಿ."

ಬಾನೆಟ್ಟಿನ ಮೇಲೆ, ಕಾದ ಹಾಲಿಗೆ ಕೆನೆ ಕಟ್ಟಿದ ಹಾಗೆ ಒಂದು ಮಸುಕು ಇದ್ದದ್ದು ನಿಜ.

ಮಂಥನ್ ಕೈಯಲ್ಲೊಂದು ಬಾಟಲಿಯಿತ್ತು. ಕಾರೆಂದರೆ ಅವನಿಗೂ ಹುಚ್ಚು. "ಆಂಟಿ, ಒಂದು ನಿಮಿಷ," ಎಂದು ಹಿಂದಿಯಲ್ಲಿ ಹೇಳಿ, ತರಕಾರಿ ತಂದ ತೆಳು ಪ್ಲಾಸ್ಟಿಕ್ ಚೀಲವೊಂದನ್ನು ಅವರ ಕೈಗೆ ಗವುಸಿನಂತೆ ತೊಡಿಸಿದ. "ಈಗ ಬಾನೆಟ್ಟಿನ ಮೇಲೆ ಮೆಲ್ಲಗೆ ಆಡಿಸಿ."

ಆಡಿಸಿದರು. ನಿನ್ನೆಯಷ್ಟೇ ತೊಳೆದ ಗಾಡಿ, ರವೆ ಚೆಲ್ಲಿದ ಕಟ್ಟೆಯ ಹಾಗೆ ಬೆರಳಿಗೆ ತರಿತರಿ ಹತ್ತಿತು.

"ಇದು ನೀರಿಗೆ ಹೋಗುವುದಲ್ಲ ಆಂಟಿ. ಹಳೆಯ ವ್ಯಾಕ್ಸ್, ಎಣ್ಣೆ, ಹೊಗೆ, ಎಲ್ಲ ಬಣ್ಣಕ್ಕೆ ಕಚ್ಚಿಕೊಂಡಿದೆ. ಇದರ ಮೇಲೆ ವ್ಯಾಕ್ಸ್ ಹಚ್ಚಿದರೆ ಕೊಳೆಯನ್ನೇ ಭದ್ರ ಮಾಡಿದ ಹಾಗೆ. ಮೊದಲು ಪೇಂಟ್ ಕ್ಲೀನರ್, ಆಮೇಲೆ ವ್ಯಾಕ್ಸ್."

"ಅಂದರ ಇಷ್ಟು ವರ್ಷ ನಾನು ಗಾಡಿ ಹೊಲಸ ಇಟ್ಟಿದ್ದೆ ಅಂತ ಹೇಳ್ತಾನೇನು ಇಂವ?" ಎಂದು ಅವರು ಕನ್ನಡದಲ್ಲಿ ಮಗಳನ್ನು ಕೇಳಿದರು.

ಮಹಿಮಾ ಮುಖ ತಿರುಗಿಸಿ ನಕ್ಕಳು. "ಮಮ್ಮಿ, ಅವನಿಗೆ ಅಷ್ಟು ಕನ್ನಡ ಬರುತ್ತೆ."

ಮಂಥನ್ ಬಾಟಲಿಯನ್ನು ಕಟ್ಟೆಯ ಮೇಲಿಟ್ಟು ಸುಮ್ಮನೆ ಹಿಂದೆ ಸರಿದ.

ಅವರು ಹೋದ ಮೇಲೆ ಸುಲೋಚನಾ ಬಾಟಲಿ ಮುಟ್ಟಲಿಲ್ಲ. ಬಣ್ಣ ತಿನ್ನುವ ಔಷಧಿ ಇರಬೇಕು ಎಂದುಕೊಂಡರು. ತಮ್ಮದೇ ಡಬ್ಬಿ ತೆಗೆದು ಬಾನೆಟ್ಟಿಗೆ ವ್ಯಾಕ್ಸ್ ಹಚ್ಚಿದರು, ಒರೆಸಿದರು, ಮತ್ತೆ ಹಚ್ಚಿದರು. ಅದು ಒಂದು ಕಡೆ ಹೊಳೆದು ಇನ್ನೊಂದು ಕಡೆ ಜಿಡ್ಡು ಜಿಡ್ಡಾಗಿ ಎಳೆಯಿತು. ಮೇಲೆ ಹೋದರು, ಹುಳಿಗೆ ಒಗ್ಗರಣೆ ಹಾಕಿದರು, ಕೆಳಗೆ ಬಂದರು. ಮತ್ತೆ ಹೋಗಿ ಒಗೆದ ಬಟ್ಟೆ ಮಡಿಚಿದರು, ಅರ್ಧಕ್ಕೆ ಬಿಟ್ಟು ಮತ್ತೆ ಬಂದರು. ಮರುದಿನವೂ ಇದೇ.

"ಆ ಬಾಟಲಿ ಕಡಿಯೂದಿಲ್ಲಬೇ," ಎಂದರು ನಾರಾಯಣರಾಯರು. "ನಾಳೆ ಅಳಿಯ ಬಂದು ಕೇಳಿದರ ಏನ ಹೇಳ್ತಿ? ಉಪ್ಪಿನಕಾಯಿಗೆ ಹಾಕಿದೆ ಅಂತೀಯೇನು?"

ಯಾರಿಗೂ ಕಾಣದ ಜಾಗ ಹುಡುಕಿ, ಹಿಂದಿನ ಚಕ್ರದ ಮೇಲ್ಗಡೆ ಅಂಗೈ ಅಗಲ ಮೊದಲು ಮಾಡಿ ನೋಡಿದರು. ಮೆತ್ತನೆಯ ಬಟ್ಟೆಗೆ ಒಂದು ಹನಿ, ಹೆಚ್ಚು ಒತ್ತದೆ ಸಣ್ಣಗೆ ಸುತ್ತು. ಬಟ್ಟೆ ಬೂದು ಹಳದಿಯಾಯಿತು. ಬೇರೆ ಬಟ್ಟೆಯಿಂದ ಒರೆಸಿದರೆ ಕೆಳಗಿನಿಂದ ನೀಲಿ ಎದ್ದು ಬಂತು. ಸೂರತ್ತಿನಲ್ಲಿ ಶೋರೂಮಿನಿಂದ ಹೊರಬಂದ ದಿನದ ನೀಲಿ, ಇಂಕಿನ ಬಾಟಲಿಯೊಳಗೆ ಇಣುಕಿದಂಥದು. ಪ್ಲಾಸ್ಟಿಕ್ ಚೀಲ ತೊಟ್ಟು ಸವರಿದರು. ಬೆರಳು ಗಾಜಿನ ಮೇಲೆ ಹೋದಂತೆ ಜಾರಿತು.

ಆಮೇಲೆ ಅವರನ್ನು ಹಿಡಿಯುವವರಿಲ್ಲ. ಬಿಸಿಲು ಬೀಳದ ಹೊತ್ತು ನೋಡಿಕೊಂಡು, ಇವತ್ತು ಒಂದು ಬಾಗಿಲು, ನಾಳೆ ಇನ್ನೊಂದು. ಬಟ್ಟೆಗಳು ಒಂದೊಂದಾಗಿ ಮಸಿಯರಿವೆಯಾದವು. ಡಿಕ್ಕಿಯ ಮೇಲೆ ಓರೆಯಾಗಿ ನೋಡಿದರೆ ಮಾತ್ರ ಕಾಣುವಂತೆ, ಬಿಟ್ಟುಬಂದ ಮದುವಣಗಿತ್ತಿಯರ ಹಳೆಯ ಅಂಟಿನ ಗುರುತುಗಳಿದ್ದವು: ಅದಿತಿಯ ಹೆಸರಿನ ಬಾಲ, ವರ್ಷಿಣಿಯ ಗಂಡನ ಅರ್ಧ ಹೆಸರು, ಯಾರದ್ದೋ ಹೃದಯದ ಚಿತ್ರ. ಬಟ್ಟೆ ಸುತ್ತಿದಂತೆ ಒಬ್ಬೊಬ್ಬರೂ ಬಿಟ್ಟುಹೋದರು. ಅದಿತಿಯ ಹೆಸರಿನ ಹತ್ತಿರ ಅವರ ಕೈ ಕೊಂಚ ತಡೆಯಿತು. ಆ ಹುಡುಗಿ ದಾರಿಯುದ್ದಕ್ಕೂ ತನ್ನ ತಾಯಿಗೆ ಬೆನ್ನು ನೋವು, ಸಿಲಿಂಡರ್ ಎತ್ತಬಾರದು, ನೀವು ಹೇಳಿ ವೈನಿ ಎನ್ನುತ್ತಲೇ ಇದ್ದಳು. ಆಮೇಲೆ ಅದನ್ನೂ ಒರೆಸಿದರು.

ಬಾನೆಟ್ಟು ಅರ್ಧವಾಗಿದ್ದಾಗ ಮಂಥನ್‌ನ ತಾಯಿ ಹಂಸಾಬೆನ್ ಫೋನ್ ಮಾಡಿದರು. ಸಂತೋಷದ ಹೆಂಗಸು, ಮಾತು ನಗುತ್ತಲೇ ಶುರುವಾಗುತ್ತದೆ. "ಸುಲೋಚನಾಬೆನ್, ಗಾಲಿಪೂಜೆಯ ತೆಂಗಿನಕಾಯಿ ನೀವು ತರ್ತೀರಾ, ನಾನೇ ತರಲಾ? ನಿಮ್ಮಲ್ಲಿ ಈ ಪದ್ಧತಿ ಇಲ್ಲ ಅಂತ ಮಹಿಮಾ ಹೇಳಿದಳು. ಏನೂ ಕಷ್ಟ ಇಲ್ಲ. ಹುಡುಗಿ ಗಾಡಿಯಲ್ಲಿ ಕೂತ ಮೇಲೆ ತಾಯಿ ಚಕ್ರಕ್ಕೆ ಕುಂಕುಮ ಇಟ್ಟು ನೀರು ಹಾಕೋದು, ಕಾಯಿ ಚಕ್ರದ ಕೆಳಗೆ ಇಡೋದು. ಗಾಡಿ ಅದನ್ನ ಒಡೆದುಕೊಂಡು ಹೊರಡುತ್ತೆ."

"ಗೊತ್ತದ, ಗೊತ್ತದ," ಎಂದರು ಸುಲೋಚನಾ, ಕನ್ನಡದಲ್ಲೇ. ಆಮೇಲೆ ತಿದ್ದಿಕೊಂಡು ಗುಜರಾತಿಯಲ್ಲಿ, ಕಾಯಿ ನಮ್ಮದೇ ಇರಲಿ ಎಂದರು.

ಗೊತ್ತಿದ್ದದ್ದು ನಿಜ. ಗುಜರಾತಿ ಮನೆಗೆ ಹೋದ ಹುಡುಗಿಯರನ್ನು ಬಿಡುವಾಗ ಎಷ್ಟೋ ಸಲ ಆಗಿತ್ತು. ಸ್ಟೀರಿಂಗ್ ಹಿಡಿದು ಕೂತವರಿಗೆ ಕಾಣುವುದು ಮುಂದಿನ ಚಕ್ರದ ಪಕ್ಕ ಬಾಗಿದ ಒಂದು ಬೆನ್ನು, ರೇಷ್ಮೆ ಸೆರಗು, ಒಂದು ತಂಬಿಗೆ. ಆಮೇಲೆ ಕೆಳಗೆ ಟಪ್ ಎಂಬ ಸದ್ದು, ಗಾಡಿ ಹಗುರಾಗಿ ಎದ್ದು ಇಳಿಯುವುದು. ಆಗ ಗೇರ್ ಬದಲಿಸುವುದರಲ್ಲಿ ಮನಸ್ಸು. ಆ ಬೆನ್ನು ಯಾರದೆಂದು, ಗಾಡಿ ಹೋದ ಮೇಲೆ ಅದು ಹೇಗೆ ನೆಟ್ಟಗಾಗುತ್ತದೆಂದು ಅವರು ತಿರುಗಿ ನೋಡಿದವರಲ್ಲ.

ಚಕ್ರದ ಹತ್ತಿರ ನಿಂತವಳು ಸ್ಟೀರಿಂಗಿನ ಮುಂದೆ ಕೂರಲಾರಳು. ಇಷ್ಟು ಸರಳ ಲೆಕ್ಕ.

ಅವರು ಬಟ್ಟೆಯನ್ನು ಅರ್ಧ ಬಾನೆಟ್ಟಿನ ಮೇಲೇ ಬಿಟ್ಟು ಗೇಟಿನ ತನಕ ಹೋಗಿ ಬಂದರು. ಮತ್ತೆ ಹೋದರು. ಒಂದು ಲೋಕಲ್ ರೈಲು ಹಾರ್ನ್ ಹಾಕಿ ಸ್ಟೇಶನ್ ಬಿಟ್ಟಿತು. ಪೂಜೆಯನ್ನು ಮದುವೆಗೆ ಬರುವ ಅತ್ತಿಗೆ ಮಾಡಿದರಾಗದೇ? ಪದ್ಧತಿ ನಮ್ಮದಲ್ಲ ಎಂದುಬಿಟ್ಟರಾಗದೇ? ಅನ್ನಬಹುದಿತ್ತು, ಹಂಸಾಬೆನ್ ಜಗಳ ಮಾಡುವವರಲ್ಲ. ಆದರೆ ಹುಡುಗಿ ಹೊರಡುವ ಗಾಡಿಯ ಚಕ್ರಕ್ಕೆ ನೀರು ಹಾಕಲು ತಾಯಿ ಇದ್ದೂ ಇಲ್ಲದಂತಾಗುವುದು ಅವರ ಮನಸ್ಸಿಗೇ ಒಗ್ಗಲಿಲ್ಲ. ಎರಡು ದಿನ ಬಾನೆಟ್ಟು ಅರ್ಧ ಮಂಕು, ಅರ್ಧ ನೀಲಿಯಾಗಿಯೇ ನಿಂತಿತ್ತು. ಅಕ್ಕಪಕ್ಕದವರು ನಿಂತು ನೋಡಿ ಹೋದರು. ಮೂರನೆಯ ದಿನ ಬೆಳಿಗ್ಗೆ, ಯಾರ ಮೇಲೋ ಸಿಟ್ಟಿದ್ದವರಂತೆ ಉಳಿದರ್ಧ ಮುಗಿಸಿದರು. ಆಮೇಲೆ ಹೊಸ ಬಟ್ಟೆಯಲ್ಲಿ ತೆಳುವಾಗಿ, ತಮ್ಮ ಹಳೆಯ ಡಬ್ಬಿಯದೇ ವ್ಯಾಕ್ಸ್ ಹಚ್ಚಿದರು. ಈ ಸಲ ಅದು ಎಳೆಯಲಿಲ್ಲ. ಒಣಗಿದ ಮೇಲೆ ಒರೆಸಿದರೆ ಬಾನೆಟ್ಟಿನೊಳಗೆ ಮೇಲಿನ ಮನೆಯವರು ಒಣಹಾಕಿದ ಬಟ್ಟೆಗಳ ಸಾಲು ತಲೆಕೆಳಗಾಗಿ ತೂಗುತ್ತಿತ್ತು.

ಮದುವೆಗೆ ಇನ್ನೆರಡು ದಿನ ಇರುವಾಗ ಮಹಿಮಾ ಮೆಹಂದಿ ಹಾಕಿಸಿಕೊಳ್ಳುವ ಮೊದಲು ಕೆಳಗಿಳಿದು ಬಂದಳು. ಗಾಡಿಯ ಸುತ್ತ ಒಂದು ಸುತ್ತು ಬಂದು, ಬಾನೆಟ್ಟಿಗೆ ಅಂಗೈ ಊರಿ ನಿಂತಳು.

"ಇದರಲ್ಲೇ ಹೋಗ್ತೀನಿ, ಮಮ್ಮಿ."

"ಯಾಕ, ಬಿಳೇ ಗಾಡಿ?"

"ಫ್ರೆಂಡಿಗೆ ಬೇಡ ಅಂದೆ." ಆಮೇಲೆ ತಡವರಿಸಿ, "ಆದ್ರೆ ನೀನು ಹೊರಗೆ ನಿಂತಿರ್ತೀಯ ಅಲ್ವಾ? ಚಕ್ರದ ಹತ್ರ. ಯಾರು ಓಡಿಸ್ತಾರೆ?"

ಮೆಟ್ಟಿಲ ಮೇಲಿದ್ದ ನಾರಾಯಣರಾಯರು ಗಂಟಲು ಸರಿಮಾಡಿಕೊಂಡರು. "ನಾ ಅದೀನಲ್ಲ."

"ವಡೋದರಾಕ್ಕ ಹೋಗಬೇಕ್ರಿ," ಎಂದರು ಸುಲೋಚನಾ. "ಬೇವಿನ ಮರಕ್ಕಲ್ಲ."

ರಾಯರು ನಗುತ್ತ ಒಳಗೆ ಹೋದರು. ಮಹಿಮಾ ನಗಲಿಲ್ಲ. "ನಾನು ಓಡಿಸ್ತೀನಿ," ಎಂದಳು. "ಮಂಥನ್ ಪಕ್ಕ ಕೂತ್ಕೋತಾನೆ. ಲೈಸೆನ್ಸ್ ಬಂದು ಎಷ್ಟು ವರ್ಷ ಆಯ್ತು, ಒಂದು ದಿನ ಕೀ ಕೊಟ್ಟಿಲ್ಲ ನೀನು. ಕ್ಲಚ್ ಬಿಗಿ ಅದ, ಬ್ಯಾಡ ಅಂತೀಯ." ಕೊನೆಯ ಮಾತು ತಾಯಿಯ ದನಿಯಲ್ಲೇ ಇತ್ತು.

"ಮದುಮಗಳು ಗಾಡಿ ಹೊಡೀತಾಳೇನವಾ? ನೋಡಿದವರು ಏನಂದಾರು?"

"ಇವಳ ಮಮ್ಮಿ ಎಲ್ಲರ ಮದುಮಗಳನ್ನೂ ಬಿಟ್ಟು ಬರ್ತಿದ್ದಳು ಅಂತಾರೆ."

ಸುಲೋಚನಾ ಬಾಗಿಲ ಹಿಡಿಯ ಮೇಲೆ ಇಲ್ಲದ ಕಲೆಯೊಂದನ್ನು ಒರೆಸಿದರು. ಆ ಗಾಡಿಯ ಡ್ರೈವರ್ ಸೀಟನ್ನು ತನ್ನ ಕಾಲಿಗೆ ತಕ್ಕಂತೆ ಮುಂದೆ ಎಳೆದ ಮೇಲೆ ಯಾರೂ ಹಿಂದೆ ತಳ್ಳಿರಲಿಲ್ಲ. ಮಗಳ ಕಾಲು ತನಗಿಂತ ಉದ್ದ. ಬಗ್ಗಿ, ಸೀಟಿನ ಕೆಳಗಿನ ಹಿಡಿ ಎತ್ತಿ, ತಾವೇ ಹಿಂದಕ್ಕೆ ತಳ್ಳಿದರು. ಅದು ಕಿರ್ರೆಂದು ಸರಿಯಿತು. ಕೊಬ್ಬರಿ ಎಣ್ಣೆ ಇಲ್ಲಿಗೆ ಬೇಕು ಎಂದುಕೊಂಡರು. ಸೊಂಟದಿಂದ ಕೀಲಿಕೈ ತೆಗೆದು ಮಗಳ ಅಂಗೈಯಲ್ಲಿಟ್ಟರು, ಹಿಂದೊಮ್ಮೆ ಗಂಡ ತಮ್ಮ ಅಂಗೈಯಲ್ಲಿಟ್ಟ ಹಾಗೆಯೇ.

"ಕೂಡು. ಕ್ಲಚ್ ಪೂರಾ ಒತ್ತು. ಅರ್ಧಕ್ಕ ಬಿಟ್ಟರ ಜಗ್ಗತದ. ಎಡಗಡೆ ಕನ್ನಡಿ ಆವಾಗಾವಾಗ ಕೆಳಗ ಬೀಳತದ, ಸರಿ ಮಾಡ್ಕೋ."

"ಗೊತ್ತು, ಮಮ್ಮಿ."

"ಏನ ಗೊತ್ತು, ಮಣ್ಣು. ಸಿಟಿಎಂ ಸರ್ಕಲ್ ದಾಟೂತನಾ ಜೋರ ಮಾಡಬ್ಯಾಡ."

ಮಹಿಮಾ ಎಂಜಿನ್ ಚಾಲೂ ಮಾಡಿದಳು. ಸ್ಟೇಶನ್ನಿನ ಕಡೆಯಿಂದ ಟಿಂಗ್‌ ಟಾಂಗ್‌ ಕೇಳಿಸಿತು. ಎಲ್ಲಿಗೋ ಹೋಗುವ ಯಾವುದೋ ರೈಲು. ಸುಲೋಚನಾ ಅವರ ಕಾಲು ಎಂದಿನಂತೆ ನಿಂತಲ್ಲಿ ನಿಲ್ಲಲಿಲ್ಲ. ಒರೆಸುವ ಬಟ್ಟೆ ಹೆಗಲಿಗೆ ಹಾಕಿಕೊಂಡು ಅವರು ಗೇಟು ತೆರೆಯಲೆಂದು ಹೊರಟರು, ಬೆನ್ನು ತಿರುಗಿಸಿಯೇ ಹೇಳುತ್ತ: "ಅವತ್ತ ನಾ ಚಕ್ರದ ಬಾಜೂಕ ಇರ್ತೀನಿ, ಕಾಯಿ ಒಡದ ಸಪ್ಪಳ ಕೇಳಿದ ಮ್ಯಾಲ ಕನ್ನಡಿ ನೋಡಬ್ಯಾಡ, ಬ್ರೇಕ್ ಮುಟ್ಟಬ್ಯಾಡ, ಹಗೂರಕ ಕ್ಲಚ್ ಬಿಟ್ಟು, ಹಂಗ ಎರಡನೇ ಗೇರಿಗೆ ಹಾಕ್ಕೊಂಡು ನಡಿ."